ಪಿಸ್ತೂಲಿಗೆ ಬೇರೆ ಬ್ಯಾರಲ್ ಹಾಕಿದ್ರೆ ಏನಾಗತ್ತೆ?

ಹೋದ ಸಂಚಿಕೆ ಕೇಳಿದವರೊಬ್ಬರು ವಾಟ್ಸ್‌ಆಪ್‌ನಲ್ಲಿ ಒಂದು ಪ್ರಶ್ನೆ ಕಳಿಸಿದ್ರು. ‘ನನ್ನ ಸೆಕೆಂಡ್‌ಹ್ಯಾಂಡ್ ಏರ್ ಪಿಸ್ತೂಲಿಗೆ ಬೇರೆ ಕಂಪನಿಯ ಬ್ಯಾರಲ್ ಸಿಗ್ತಾ ಇದೆ, ಹಾಕಿಸ್ಲಾ?’ ಎರಡು ಸಾಲಿನ ಉತ್ತರ ಟೈಪ್ ಮಾಡಿ ಅಳಿಸಿದೆ. ಯಾಕಂದ್ರೆ ಇದೇ ಕೆಲಸ ಮಾಡಿ ನಾನು ಕೈ ಸುಟ್ಟುಕೊಂಡಿದ್ದೀನಿ. ಅದನ್ನೇ ಇವತ್ತು ಹೇಳ್ತೀನಿ.

ನಾನಿರೋದು ಉಳವಿಯಲ್ಲಿ. ಚನ್ನಬಸವಣ್ಣನ ಉಳವಿ ಅಲ್ಲ, ಸೊರಬ ತಾಲ್ಲೂಕಿನದು. ನಮ್ಮ ಕಡೆ ಬೆಳೆ ಕಾಯೋಕೆ ಲೈಸೆನ್ಸ್ ಕೋವಿ ಇಟ್ಟುಕೊಂಡ ಮನೆಗಳಿವೆ. ಹಿರಿಯರ ಬಾಯಲ್ಲಿ ಬ್ಯಾರಲ್ ಅಂದ್ರೆ ‘ನಳಿಗೆ’. ಅವರ ಮಟ್ಟಿಗೆ ನಳಿಗೆ ಅಂದ್ರೇನೇ ಕೋವಿ, ಉಳಿದದ್ದೆಲ್ಲ ಹಿಡಿಕೆ. ನಾನು ಬಿ.ಕಾಂ. ಓದಿದವನು, ನನಗೆ ಅದು ಮೊಬೈಲ್ ಕವರ್ ಥರ ಬಿಚ್ಚಿ ಹಾಕೋ ಒಂದು ಪಾರ್ಟ್ ಅನ್ನಿಸಿತ್ತು.

ಏರ್ ಪಿಸ್ತೂಲ್ ಹುಚ್ಚು ಹಿಡಿದದ್ದು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ. ನಮ್ಮ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಬೆಳ್ಳಿ ಗೆದ್ದವರು. ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್‌ಜೋತ್ ಸಿಂಗ್ ಜೊತೆ 10 ಮೀಟರ್ ಮಿಶ್ರ ತಂಡದ ಚಿನ್ನ ತಂದ್ರು. ಅಂಥವರನ್ನ ನೋಡಿ ರೇಂಜಿಗೆ ಹೋದವನು ನಾನು. ಊರಿಗೆ ವಾಪಸ್ ಬಂದ ಮೇಲೆ ಅಡಿಕೆ ಶೆಡ್ಡಿನಲ್ಲೇ ಹತ್ತು ಮೀಟರ್ ಅಳೆದು ಗೆರೆ ಹಾಕಿದೆ.

ಹತ್ತು ಮೀಟರ್ ದೂರದ ಆ ಕಾಗದದಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಬರೀ 11.5 ಮಿಲಿಮೀಟರ್. ನನ್ನ ಅಂಕ ಏರದೆ ನಿಂತುಬಿಟ್ಟಿತ್ತು. ತಪ್ಪು ಕೈಯದ್ದು ಅಂತ ಒಪ್ಪೋದು ಕಷ್ಟ ಅಲ್ವಾ, ಹಾಗಾಗಿ ಬ್ಯಾರಲ್ ಮೇಲೆ ಹಾಕಿದೆ. ಪರಿಚಯದವರೊಬ್ಬರ ಮೂಲಕ ‘ಇದೇ ಮಾಡೆಲ್‌ಗೆ ಆಗತ್ತೆ’ ಅನ್ನೋ ಭರವಸೆಯ ಬ್ಯಾರಲ್ ಬಂತು. ಸಂಜೆ ಅರ್ಧ ಗಂಟೆಯಲ್ಲಿ ಕೂರಿಸಿದೆ. ಕೂತಿತು ಅನ್ನೋದೇ ಮೋಸ.

ಏರ್ ಪಿಸ್ತೂಲಿನ ಸಿಲಿಂಡರಿನಿಂದ ಒತ್ತಡದ ಗಾಳಿ ಒಂದು ಸಣ್ಣ ತೂತಿನ ಮೂಲಕ ಬ್ಯಾರಲ್ಲಿಗೆ ನುಗ್ಗತ್ತೆ. ಪಿಸ್ತೂಲಿನ ಮೈಯಲ್ಲಿರೋ ತೂತು, ಬ್ಯಾರಲ್ಲಿನ ತೂತು ಎರಡೂ ಎದುರುಬದುರು ಬರಬೇಕು, ಮಧ್ಯದ ಓ-ರಿಂಗ್ ಸರಿಯಾಗಿ ಒತ್ತಬೇಕು. ನನ್ನ ಹೊಸ ಬ್ಯಾರಲ್ಲಿನ ತೂತು ಒಂದು ಕೂದಲೆಳೆಯಷ್ಟು ಮುಂದೆ ಇತ್ತು. ಹೊರಗಿನಿಂದ ಏನೂ ಕಾಣಲ್ಲ. ಒಳಗೆ ಗಾಳಿಯ ದಾರಿ ಕಿರಿದಾಗಿ, ಒಂದೊಂದು ಸಲ ಒಂದೊಂದು ಥರ ಸೋರಿ, ಪೆಲೆಟ್ಟಿನ ವೇಗ ಏರುಪೇರಾಗ್ತಿತ್ತು. ಸ್ಪರ್ಧೆಯ ಏರ್ ಪಿಸ್ತೂಲಿನ ವೇಗ ಸೆಕೆಂಡಿಗೆ ಸುಮಾರು 150 ಮೀಟರ್. ಅಲ್ಲಿ ವೇಗ ಪ್ರತಿ ಸಲ ಒಂದೇ ಇರೋದೇ ಮುಖ್ಯ, ಜಾಸ್ತಿ ಇರೋದಲ್ಲ.

ಪೆಲೆಟ್ಟಿನ ಗಾತ್ರವೂ ಇದೆ. ಡಬ್ಬಿಯ ಮೇಲೆ 4.49, 4.50 ಅಂತ ಬರೆದಿರೋದನ್ನ ನಾನು ಅಂಗಡಿಯವರ ಚಮತ್ಕಾರ ಅಂದುಕೊಂಡಿದ್ದೆ. ಹಳೇ ಬ್ಯಾರಲ್ಲಿಗೆ ಒಪ್ಪಿದ್ದ ಪೆಲೆಟ್ ಹೊಸದಕ್ಕೆ ಬಿಗಿಯಾಯ್ತು. ಮುಂದಿನ ಗುರಿಮಣಿ ಬ್ಯಾರಲ್ ಜೊತೆಗೇ ಬದಲಾದ್ದರಿಂದ ಗುರಿಯನ್ನ ಮೊದಲಿನಿಂದ ಹೊಂದಿಸಬೇಕಾಯ್ತು. ಸಡಿಲ ಇರಬೇಕು ಅಂತ ಸ್ಕ್ರೂ ಇನ್ನೂ ಬಿಗಿದೆ. ಅದೂ ತಪ್ಪೇ. ಒಂದೇ ಕಡೆ ಜಾಸ್ತಿ ಬಿಗಿದ್ರೆ ಬ್ಯಾರಲ್ ಓರೆಯಾಗಿ ಕೂರತ್ತೆ.

ಒಂದು ದಿನ ಹೊಡೆದೆ, ಕಾಗದದಲ್ಲಿ ತೂತೇ ಇಲ್ಲ. ಗುರಿ ತಪ್ಪಿತು ಅಂದುಕೊಂಡು ಇನ್ನೊಂದು ತುಂಬಿದೆ. ನಿಜ ಏನಂದ್ರೆ ಮೊದಲನೇದು ಗಾಳಿ ಸಾಲದೆ ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು. ಎರಡೂ ಒಟ್ಟಿಗೆ ಹೊರಬಂದು, ಕೆಳಗೆ ಬಿದ್ದು, ಕಬ್ಬಿಣದ ಪೆಟ್ಟಿಗೆಯ ಅಂಚಿಗೆ ಬಡಿದು ಪಕ್ಕಕ್ಕೆ ಹಾರಿದ್ವು. ಆ ಪಕ್ಕದಲ್ಲಿ ಅಮ್ಮ ಅಡಿಕೆ ಆರಿಸ್ತಾ ಕೂತಿದ್ಲು. ತಗಡಿಗೆ ಟಣ್ ಅಂತು. ‘ಎಂಥದೋ ತಮಾ ಅದು?’ ಅಂದ್ಲು, ಅಷ್ಟೇ. ನನಗೆ ಉತ್ತರ ಬಾಯಿಗೆ ಬರಲಿಲ್ಲ. ಹೊಡೆಯೋವಾಗ ಆ ಕಡೆ ಯಾರನ್ನೂ ಕೂರಿಸಬಾರದಿತ್ತು, ಅದು ಬ್ಯಾರಲ್ಲಿನ ತಪ್ಪಲ್ಲ, ನನ್ನದು. ಅವತ್ತೇ ಗೆರೆಯ ಜಾಗ ಬದಲಾಯಿಸಿದೆ.

ಇದೇ ತಪ್ಪು ಗುಂಡಿನ ಪಿಸ್ತೂಲಿನಲ್ಲಿ ಆಗಿದ್ರೆ? 25 ಮೀಟರ್ ಸ್ಪರ್ಧೆಯ .22 ಪಿಸ್ತೂಲಿನಲ್ಲಿ ಗುಂಡು ನಳಿಗೆಯಲ್ಲಿ ಸಿಕ್ಕಿರುವಾಗ ಹಿಂದೆಯೇ ಇನ್ನೊಂದು ಹೊಡೆದ್ರೆ ಬ್ಯಾರಲ್ ಉಬ್ಬತ್ತೆ, ಸೀಳಲೂಬಹುದು. ಬೇರೆ ಬ್ಯಾರಲ್ ಹಾಕಿದಾಗ ಅದರ ಹಿಂಬದಿ, ಅಂದ್ರೆ ಕಾಡತೂಸು ಕೂರೋ ಗೂಡು, ಮತ್ತು ಅದನ್ನ ಮುಚ್ಚೋ ಬೋಲ್ಟಿನ ನಡುವೆ ಅಳತೆ ತಪ್ಪಿದ್ರೆ ತೆಳ್ಳಗಿನ ಹಿತ್ತಾಳೆ ಕೇಸ್ ಒಡೆದು ಬಿಸಿ ಗಾಳಿ ಹೊಡೆಯುವವನ ಕೈ, ಮುಖದ ಕಡೆಗೇ ಬರತ್ತೆ. ಅದು ವರ್ನಿಯರ್, ಗೇಜ್ ಇಟ್ಟುಕೊಂಡ ಲೈಸೆನ್ಸ್ ಇರೋ ಕುಶಲಕರ್ಮಿಯ ಕೆಲಸ. ಯೂಟ್ಯೂಬ್ ನೋಡಿ ಮಾಡೋದಲ್ಲ.

ಕಾನೂನೂ ನಮ್ಮ ಹಿರಿಯರ ಮಾತನ್ನೇ ಹೇಳತ್ತೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಶಸ್ತ್ರ ಅನ್ನೋ ಪದದೊಳಗೆ ಅದರ ಬಿಡಿಭಾಗಗಳೂ ಸೇರಿವೆ. ಹಾಗಾಗಿ .22 ಬ್ಯಾರಲ್ ಅಂದ್ರೆ ಆನ್‌ಲೈನ್‌ನಲ್ಲಿ ಕಾರ್ಟಿಗೆ ಹಾಕೋ ವಸ್ತು ಅಲ್ಲ. ಹೊರದೇಶದಿಂದ ತರಿಸೋಕೂ ಲೈಸೆನ್ಸ್ ಬೇಕು. ಏರ್ ಪಿಸ್ತೂಲಿಗೆ ಬಂದ್ರೆ, 2016ರ ನಿಯಮಗಳಲ್ಲಿ 4.5 ಮಿ.ಮೀ. ನಳಿಗೆ, 20 ಜೂಲ್ ಶಕ್ತಿ ಅನ್ನೋ ಗೆರೆ ಇದೆ. ಅದರೊಳಗಿದ್ರೆ ಲೈಸೆನ್ಸ್ ಬೇಡ. ಯಾರೋ 5.5ರ ಬ್ಯಾರಲ್ ಕೊಟ್ಟು ‘ಇದೂ ಕೂರತ್ತೆ’ ಅಂದ್ರೆ, ಒಂದು ಸ್ಕ್ರೂ ತಿರುಗಿಸಿದಷ್ಟರಲ್ಲಿ ನೀವು ಆ ಗೆರೆ ದಾಟಿರ್ತೀರಿ.

ನಾನು ಕೊನೆಗೆ ಹಳೇ ಬ್ಯಾರಲ್ಲನ್ನೇ ವಾಪಸ್ ಹಾಕಿದೆ. ಪಿಸ್ತೂಲನ್ನ ವೈಸಿಗೆ ಕಟ್ಟಿ, ಕೈಯ ನಡುಕ ಬಿಟ್ಟು, ಹತ್ತು ಹೊಡೆದೆ. ಹತ್ತೂ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ. ಈ ಪರೀಕ್ಷೆ ಮೊದಲೇ ಮಾಡಿದ್ರೆ ಬ್ಯಾರಲ್ಲಿಗೆ ಕೊಟ್ಟ ದುಡ್ಡಲ್ಲಿ ಒಂದು ವರ್ಷದ ಪೆಲೆಟ್ ಬರ್ತಿತ್ತು. ಅಕೌಂಟೆನ್ಸಿ ಓದಿ ಇಷ್ಟೂ ಲೆಕ್ಕ ಹಾಕಲಿಲ್ಲ ನೋಡಿ!

ಹಾಗಾಗಿ, ಪ್ರಶ್ನೆ ಕಳಿಸಿದ ಗೆಳೆಯರೇ, ಮೊದಲು ವೈಸಿಗೆ ಕಟ್ಟಿ ನೋಡಿ, ಎರಡು ಮೂರು ಗಾತ್ರದ ಪೆಲೆಟ್ ಹೊಡೆದು ನೋಡಿ, ಓ-ರಿಂಗ್ ಬದಲಿಸಿ. ಆಮೇಲೂ ಪೆಲೆಟ್ ಚದುರಿದ್ರೆ ಪಿಸ್ತೂಲ್ ತಯಾರಿಸಿದ ಕಂಪನಿಯದ್ದೇ ಬ್ಯಾರಲ್, ಅದರ ಸೀರಿಯಲ್ ನಂಬರ್ ಹೇಳಿಯೇ ತರಿಸಿ. ಕಾಗದದಲ್ಲಿ ತೂತು ಕಾಣದಿದ್ರೆ ಮಾತ್ರ ಎರಡನೇದು ತುಂಬಬೇಡಿ. ನಳಿಗೆ ಖಾಲಿ ಇದೆಯಾ ನೋಡಿ, ಮೊದಲು ಗಾಳಿ ಸಿಲಿಂಡರ್ ಬಿಚ್ಚಿಟ್ಟು, ಹಿಂದಿನ ಕಡೆಯಿಂದ.