ಕಪ್ಪಾದಷ್ಟೂ ಕಸುವಲ್ಲ

ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಮೇಲೊಂದು ಲೋಟ ಕಾಫಿ ಹೀರದೆ ಮೈಸೂರಿನ ದಾರಿ ಹಿಡಿಯುವವರು ಕಡಿಮೆ. ಆ ಕಾಫಿ ರಾಮನಗರದ ಸೀಮೆಯದಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳದು. ಇಲ್ಲಿನ ಹೊಲದ್ದೇನಿದ್ದರೂ ರಾಗಿ. ಆದರೆ ಹುರಿಯುವ ಹದ ಮಾಗಡಿ, ಕನಕಪುರದ ಅಡುಗೆಮನೆಗಳಿಗೆ ಚೆನ್ನಾಗಿಯೇ ಗೊತ್ತು. ಹುರಿಹಿಟ್ಟಿಗೆಂದು ನೀರು ಚಿಮುಕಿಸಿದ ರಾಗಿಯನ್ನು ಕಾದ ಬಾಣಲೆಯಲ್ಲಿ ಅರಳಿಸುವಾಗ ಘಮ ಎದ್ದೊಡನೆ ಇಳಿಸಬೇಕು, ಇನ್ನೊಂದು ಗಳಿಗೆ ಬಿಟ್ಟರೆ ಸೀದು ಕಹಿ. ರಾಗಿ ಸೀದರೆ ಬಯ್ಯುವ ನಾವೇ ಕಾಫಿ ಬೀಜ ಸೀಯುವಷ್ಟು ಕಪ್ಪಾದರೆ ‘ಸ್ಟ್ರಾಂಗ್’ ಎಂದು ಮೆಚ್ಚುತ್ತೇವೆ. ಆಂಟಿಆಕ್ಸಿಡೆಂಟ್‌ಗಳ ಮಟ್ಟಿಗಂತೂ ಈ ಮೆಚ್ಚುಗೆಗೆ ಆಧಾರವಿಲ್ಲ.

ಹಸಿ ಕಾಫಿ ಬೀಜದ ದೊಡ್ಡ ಆಸ್ತಿ ಕ್ಲೋರೋಜೆನಿಕ್ ಆಮ್ಲಗಳು. ಅರೇಬಿಕಾದ ಒಣತೂಕದಲ್ಲಿ ಅವು ಸುಮಾರು ಶೇ. 5ರಿಂದ 8ರಷ್ಟು, ರೊಬಸ್ಟಾದಲ್ಲಿ ಇನ್ನೂ ಹೆಚ್ಚು, ಶೇ. 7ರಿಂದ 10. (ಬಡವರ ಕಾಫಿ ಎಂದು ರೊಬಸ್ಟಾವನ್ನು ಮೂಗು ಮುರಿದು ನೋಡುವವರು ಇದನ್ನು ಗಮನಿಸಬೇಕು.) ಕಾವು 200 ಡಿಗ್ರಿಯ ಆಸುಪಾಸಿಗೆ ಬಂದಾಗ ಬೀಜ ಚಟ್ಟೆಂದು ಸಿಡಿಯುತ್ತದೆ. ನಡುಹದಕ್ಕೆ ಬರುವಷ್ಟರಲ್ಲಿ ಈ ಆಮ್ಲಗಳಲ್ಲಿ ಅರ್ಧವೋ ಅದಕ್ಕಿಂತ ಹೆಚ್ಚೋ ಕರಗಿರುತ್ತದೆ, ಕಡುಗಪ್ಪಾದಾಗ ಉಳಿಯುವುದು ಅತ್ಯಲ್ಪ. ಹೋದದ್ದೆಲ್ಲ ಹೊಗೆಯಾಯಿತು ಎಂದಲ್ಲ. ಒಂದು ಪಾಲು ಲ್ಯಾಕ್ಟೋನ್‌ಗಳಾಗಿ ಕಾಫಿಗೆ ಅದರ ಕಹಿಯನ್ನು ಕೊಡುತ್ತದೆ. ಇನ್ನೊಂದು ಪಾಲು ಮೆಲನಾಯ್ಡಿನ್‌ಗಳೊಳಗೆ ಸೇರಿಹೋಗುತ್ತದೆ. ಸಕ್ಕರೆಯ ಅಂಶವೂ ಅಮೈನೋ ಆಮ್ಲಗಳೂ ಕಾವಿನಲ್ಲಿ ಬೆರೆತು ಹುಟ್ಟುವ ಕಂದು ವಸ್ತುಗಳಿವು. ದೋಸೆಯ ಅಂಚನ್ನು ಕೆಂಪಗೆ ಮಾಡುವುದೂ ಇದೇ ಕ್ರಿಯೆ. ಡಿಕಾಕ್ಷನ್ನಿನಲ್ಲಿ ಕರಗಿರುವ ಘನವಸ್ತುವಿನ ಸುಮಾರು ಕಾಲುಭಾಗ ಇವೇ, ಇವಕ್ಕೂ ಆಂಟಿಆಕ್ಸಿಡೆಂಟ್ ಗುಣವಿದೆ. ಅಂದರೆ ಒಂದು ಇಳಿಯುವಾಗ ಇನ್ನೊಂದು ಏರುತ್ತದೆ. ಎರಡನ್ನೂ ಕೂಡಿಸಿ ಅಳೆದ ಹಲವು ಪ್ರಯೋಗಗಳಲ್ಲಿ ಒಟ್ಟು ಸಾಮರ್ಥ್ಯ ಎಳೆಹದದಿಂದ ನಡುಹದದೊಳಗೆ ಹೆಚ್ಚಾಗಿದ್ದು, ಅಲ್ಲಿಂದಾಚೆಗೆ ಕುಸಿದಿದೆ.

ಹಾಗಾದರೆ ಹುರಿಯದ ಹಸಿರು ಕಾಫಿಯನ್ನೇ ಕುಡಿದರಾಯಿತಲ್ಲ ಎಂಬ ಆಕ್ಷೇಪ ಸಹಜ, ಅದನ್ನು ಮಾರುವವರ ವಾದವೂ ಅದೇ. ಆದರೆ ಪ್ರಯೋಗಶಾಲೆಯ ಅಂಕಿ ನೇರವಾಗಿ ಮೈಗೆ ಇಳಿಯುವುದಿಲ್ಲ. ಕ್ಲೋರೋಜೆನಿಕ್ ಆಮ್ಲದಲ್ಲಿ ಸಣ್ಣ ಕರುಳು ಹೀರುವುದು ಸುಮಾರು ಮೂರನೇ ಒಂದು ಪಾಲು. ಮಿಕ್ಕದ್ದನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಒಡೆದು ಬೇರೆಯದೇ ವಸ್ತುಗಳನ್ನಾಗಿ ಮಾಡುತ್ತವೆ. ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡದ್ದೂ, ಆ ಅಂಕಗಳಿಗೂ ದೇಹದ ಮೇಲಿನ ಪರಿಣಾಮಕ್ಕೂ ನಂಟು ಸಾಬೀತಾಗಿಲ್ಲ ಎಂಬ ಕಾರಣಕ್ಕೆ. ಕಡುಹುರಿಯ ಪರವಾಗಿಯೂ ಒಂದು ನ್ಯಾಯವಾದ ಮಾತಿದೆ: ಆರೋಗ್ಯಕ್ಕೆ ಆತಂಕದ ವಸ್ತುವೆನಿಸಿದ ಅಕ್ರಿಲಮೈಡ್ ಹುರಿಯುವ ಮೊದಲ ಹಂತದಲ್ಲೇ ಹೆಚ್ಚಾಗಿ ಹುಟ್ಟಿ, ಮುಂದೆ ಕಡಿಮೆಯಾಗುತ್ತದೆ. ನಡುಹದವೇ ಲೇಸೆನ್ನಲು ಇದೂ ಒಂದು ಕಾರಣವೇ ಹೊರತು, ಕರಿದಾಗುವಷ್ಟು ಹುರಿಯಲು ಅಲ್ಲ.

ನಮ್ಮ ಲೋಟದ ಲೆಕ್ಕ ಇನ್ನೂ ಬೇರೆ. ಪೊಟ್ಟಣದಲ್ಲಿ ಚಿಕೋರಿ ಶೇ. 49ರವರೆಗೂ ಇರಬಹುದೆಂದು ಕಾನೂನೇ ಒಪ್ಪಿದೆ. ಅರ್ಧದಷ್ಟು ಹುರಿದ ಬೇರೇ ಇರುವ ಪುಡಿಯಲ್ಲಿ ಕಪ್ಪು ಬಣ್ಣವನ್ನು ಕಾಫಿಯ ಕಸುವೆಂದು ಎಣಿಸುವುದು ಹೇಗೆ? ಲೇಬಲ್ಲಿನಲ್ಲಿ ಆ ಪ್ರಮಾಣ ಅಚ್ಚಾಗಿರುತ್ತದೆ. ಪುಡಿಯ ಬದಲು ಬೀಜ ಕೊಳ್ಳುವವರಿಗೆ ಇನ್ನೂ ಸುಲಭದ ಗುರುತುಂಟು: ಮೈ ಒಣಗಿದಂತೆ ಕಂದಾಗಿದ್ದರೆ ನಡುಹದ, ಎಣ್ಣೆ ಜಿನುಗಿ ಮಿರುಗುತ್ತಿದ್ದರೆ ಬಾಣಲೆ ಇಳಿಸುವುದು ತಡವಾಗಿದೆ.