ಬಾಡಿಗೆ ಇಎಂಐ ಕಟ್ಟುವುದಿಲ್ಲ, ಸ್ವಾಮಿ

‘ಬಾಡಿಗೆ ಬರುತ್ತಲ್ಲ, ಇಎಂಐ ಅದರಲ್ಲೇ ಹೋಗುತ್ತೆ ಬಿಡಿ.’ ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡಲೆಂದು ಮೊದಲ ಫ್ಲ್ಯಾಟ್ ಕೊಳ್ಳುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಬಿಲ್ಡರ್ ಆಫೀಸಿನವರು ಕಾಫಿ ಕೊಡುತ್ತಾ ಹೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಭಾವಮೈದುನ ಹೇಳುತ್ತಾನೆ. ಲೆಕ್ಕ ಹಾಕಿ ತೋರಿಸುವವರು ಮಾತ್ರ ಸಿಕ್ಕುವುದಿಲ್ಲ.

80 ಲಕ್ಷದ ಎರಡು ಬೆಡ್‌ರೂಮಿನ ಫ್ಲ್ಯಾಟ್ ಎಂದುಕೊಳ್ಳಿ. 16 ಲಕ್ಷ ಕೈಯಿಂದ, 64 ಲಕ್ಷ ಸಾಲ, ಬಡ್ಡಿ ಶೇ 8, ಅವಧಿ 20 ವರ್ಷ. ಕಂತು ಸುಮಾರು 53,500 ರೂಪಾಯಿ. ಬಾಡಿಗೆ 25,000 ಬಂದರೆ ಪುಣ್ಯ. ಇಲ್ಲಿ ವರ್ಷದ ಬಾಡಿಗೆ ಸಾಮಾನ್ಯವಾಗಿ ಮನೆ ಬೆಲೆಯ ಶೇ 3–4ರ ಆಸುಪಾಸಿನಲ್ಲೇ ಇರುತ್ತದೆ. ಮೊದಲ ತಿಂಗಳ ಬಡ್ಡಿಯೇ 42,667. ಅಸಲಿನ ಮಾತಿರಲಿ, ಬಂದ ಬಾಡಿಗೆ ಬಡ್ಡಿಗೂ ಸಾಲದು. ಇನ್ನು ಅಸೋಸಿಯೇಷನ್‌ಗೆ ಮೆಂಟೆನೆನ್ಸ್, ಸ್ವಂತ ವಾಸದ ಮನೆಗಿಂತ ಹೆಚ್ಚಿನ ದರದ ಪಾಲಿಕೆ ತೆರಿಗೆ, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಕೆಟ್ಟ ಗೀಸರ್. ಮನೆ ಖಾಲಿ ಬಿದ್ದ ತಿಂಗಳು ಕಂತಿಗೇನೂ ರಜೆ ಇಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದ ಬಡಾವಣೆಗಳ ಮಾಲೀಕರನ್ನು ಕೇಳಿ ನೋಡಿ.

ಇಷ್ಟು ಹೇಳಿದರೆ ಮುಂದಿನ ವಾದ ಸಿದ್ಧ: ‘ಬಾಡಿಗೆ ಏರುತ್ತೆ, ಕಂತು ಹಾಗೇ ಇರುತ್ತೆ.’ ಏರಲಿ. ವರ್ಷಕ್ಕೆ ಶೇ 5ರಂತೆ ತಪ್ಪದೆ ಏರಿದರೂ 25,000ದ ಬಾಡಿಗೆ 53,500 ಮುಟ್ಟಲು ಹದಿನಾರು ವರ್ಷ ಬೇಕು. ಅಷ್ಟರಲ್ಲಿ ಸಾಲ ಮುಗಿಯಲು ನಾಲ್ಕೇ ವರ್ಷ ಉಳಿದಿರುತ್ತದೆ! ಇನ್ನು ಕಂತು ಹಾಗೇ ಇರುತ್ತದೆ ಎಂದವರಾರು? ಮೂವತ್ತು ವರ್ಷ ಬಡ್ಡಿ ಬದಲಾಗದ ಗೃಹಸಾಲ ಅಮೆರಿಕದ ಪದ್ಧತಿ. ಅಲ್ಲಿನ ‘ಬಾಡಿಗೆಯಿಂದ ಶ್ರೀಮಂತರಾಗಿ’ ಪುಸ್ತಕಗಳನ್ನು ಓದಿದವರು ಇದೊಂದನ್ನು ಮರೆಯುತ್ತಾರೆ. ನಮ್ಮಲ್ಲಿ ಗೃಹಸಾಲಗಳಿಗೆ ಬಹುತೇಕ ಬದಲಾಗುವ ಬಡ್ಡಿ. 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿದಾಗ ಎಷ್ಟೋ ಜನರ ಕಂತು ಏರಿತು, ಇಲ್ಲವೇ ಸಾಲದ ಅವಧಿ ವರ್ಷಗಟ್ಟಲೆ ಹಿಗ್ಗಿತು.

ಬಾಡಿಗೆಯಲ್ಲೇ ಕಂತು ತೀರಬೇಕು ಎಂಬ ಹಟವಿದ್ದರೆ ಅದಕ್ಕೂ ಲೆಕ್ಕವಿದೆ. ಖರ್ಚು ಕಳೆದು ತಿಂಗಳಿಗೆ 20,000 ಉಳಿದರೆ ಅದು ಹೊರುವ ಸಾಲ ಸುಮಾರು 24 ಲಕ್ಷ. ಮಿಕ್ಕ 56 ಲಕ್ಷ ನಿಮ್ಮದೇ ದುಡ್ಡು. ಅದರ ಜೊತೆಗೆ ಮನೆ ಬೆಲೆಯ ಮೇಲೆ ಸ್ಟಾಂಪ್ ಡ್ಯೂಟಿ ಶೇ 5, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರುವ ನೋಂದಣಿ ಶುಲ್ಕ, ಸೆಸ್ಸು ಎಲ್ಲ ಸೇರಿ ಇನ್ನೊಂದು 6 ಲಕ್ಷದಷ್ಟು ಕೂಡಿಸಿಕೊಳ್ಳಿ. ‘ಮುಂದೆ ಬೆಲೆ ಏರುತ್ತದೆ’ ಎನ್ನುವಿರಾ? ಏರಬಹುದು. ಆದರೆ ಅದು ಬಾಡಿಗೆಯ ಆದಾಯವಲ್ಲ, ಬೆಲೆಯ ಮೇಲೆ ಕಟ್ಟಿದ ಬಾಜಿ.

ತೆರಿಗೆ ಉಳಿಯುತ್ತದೆ ಎಂಬ ಸಮಾಧಾನವೂ ಹಳೆಯದು. ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಮನೆಯ ನಷ್ಟವನ್ನು ಸಂಬಳದಿಂದ ಕಳೆಯಲು ಬರುವುದಿಲ್ಲ; ಹಳೆಯ ಪದ್ಧತಿಯಲ್ಲೂ ವರ್ಷಕ್ಕೆ 2 ಲಕ್ಷವೇ ಮಿತಿ. ಲೆಕ್ಕದಾಚೆಗೂ ಇಂಥ ನಂಬಿಕೆಗಳಿವೆ. ಖಾತಾ ಇದ್ದರೆ ಮನೆ ನಮ್ಮದಾಯಿತು ಎನ್ನುವವರಿಗೆ: ಅದು ತೆರಿಗೆ ವಸೂಲಿಯ ದಾಖಲೆ, ಕ್ರಯಪತ್ರವಲ್ಲ. ಬಾಡಿಗೆದಾರ 12 ವರ್ಷ ಇದ್ದರೆ ಮನೆ ಅವನ ಪಾಲು ಎಂಬ ಭಯಕ್ಕೂ ಆಧಾರವಿಲ್ಲ, ಬಾಡಿಗೆದಾರನಾಗಿ ಇರುವವನದು ನೀವೇ ಒಪ್ಪಿ ಕೊಟ್ಟ ವಾಸ. 11 ತಿಂಗಳ ಅಗ್ರಿಮೆಂಟ್ ಹುಟ್ಟಿದ್ದೂ ಆ ಭಯಕ್ಕಲ್ಲ, ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆ ಕಡ್ಡಾಯವಾಗಿ ನೋಂದಾಯಿಸಬೇಕೆನ್ನುವುದರಿಂದ.

ಬಾಗಿಲು ಯಾವ ದಿಕ್ಕಿಗಿದೆ ಎಂದು ಮೂರು ಜನ ವಾಸ್ತು ಪಂಡಿತರನ್ನು ಕೇಳುವವರು ಫೋನಿನಲ್ಲೇ ಇರುವ ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲ. ‘ಬಾಡಿಗೆಯಲ್ಲೇ ಕಂತು ಹೋಗುತ್ತೆ’ ಎಂದು ಹೇಳಿ ಮನೆ ಮಾರುವವನ ಕಮಿಷನ್ ನೋಂದಣಿಯ ಹೊತ್ತಿಗೇ ಚುಕ್ತಾ ಆಗಿರುತ್ತದೆ, ಕಟ್ಟುವವನು ಇಪ್ಪತ್ತು ವರ್ಷ ಕಟ್ಟಬೇಕು. ಇವರಿಬ್ಬರ ಹಿತ ಒಂದೇ ಎಂದು ನಂಬುವುದಾದರೂ ಹೇಗೋ. ಸಾಲ ಕೊಡುವ ಬ್ಯಾಂಕಿನವರು ಮೊದಲು ಕೇಳುವುದು ನಿಮ್ಮ ಸಂಬಳದ ಸ್ಲಿಪ್ಪನ್ನೇ.