ಗಾಡಿ ನೋಡಿ, ಡ್ರೈವರ್ ಯಾರು ಹೇಳಿ!

ಚಿಕ್ಕಜಾಲ ಗೊತ್ತಲ್ಲ? ಬಳ್ಳಾರಿ ರಸ್ತೆ, ಪಕ್ಕದಲ್ಲೇ ಪಾಳು ಕೋಟೆ, ಇನ್ನೊಂಚೂರು ಮುಂದೆ ಹೋದರೆ ಸಾದಹಳ್ಳಿ ಗೇಟ್. ಅಲ್ಲಿ ಸರ್ವಿಸ್ ರೋಡಿನ ಅಂಚಿಗೆ ಸುಮ್ಮನೆ ನಿಂತು ನೋಡಿ. ಏರ್‌ಪೋರ್ಟಿಗೆ ಹೋಗುವವರು, ನಂದಿ ಬೆಟ್ಟಕ್ಕೆ ಹೋಗುವವರು, ಹೈದರಾಬಾದಿಗೇ ಹೊರಟವರು, ಎಲ್ಲರೂ ನಿಮ್ಮ ಮೂಗಿನ ಮುಂದೆಯೇ ಹಾದುಹೋಗಬೇಕು!

ಅಗೋ, ಬಿಳಿ ಇನ್ನೋವಾ! ಒಳಗೆ ಯಾರು? ಥಟ್ಟಂತ ಹೇಳಿ!

ಎಂಎಲ್‌ಎ ಅಂದಿರಾ? ತಡೀರಿ, ಮೊದಲು ಪ್ಲೇಟ್ ನೋಡಿ. ಹಳದಿಯಾದರೆ ಬಾಡಿಗೆ ಗಾಡಿ. ಒಳಗೆ ಅಜ್ಜಿ, ಮೊಮ್ಮಕ್ಕಳು, ಚಕ್ಕುಲಿ ಡಬ್ಬಿ ಇದ್ದರೂ ಇರಬಹುದು. ನಂಬರ್ ಮಧ್ಯೆ 'ಜಿ' ಕಂಡರೆ ಸರ್ಕಾರಿ. ಕಪ್ಪು ಪ್ಲೇಟಿಗೆ ಹಳದಿ ಅಕ್ಷರವಾ? ಬಾಡಿಗೆಗೆ ಪಡೆದವರೇ ಸ್ಟಿಯರಿಂಗ್ ಹಿಡಿದಿದ್ದಾರೆ! ಹಸಿರಾದರೆ ಎಲೆಕ್ಟ್ರಿಕ್. ಮೇಲ್ಮುಖದ ಬಾಣವಿದ್ದರೆ ಸೇನೆಯದು. ಯಲಹಂಕ ವಾಯುನೆಲೆ ಇಲ್ಲೇ ಪಕ್ಕದಲ್ಲಿದೆಯಲ್ಲ!

ಬಿಡದಿಯ ಕಾರ್ಖಾನೆಯಿಂದ ಹೊರಬಿದ್ದ ಅದೇ ಇನ್ನೋವಾ. ಪ್ಲೇಟಿನ ಬಣ್ಣ ಬದಲಾದರೆ ಒಳಗಿನವರ ಜಾತಕವೇ ಬದಲು!

ಅದು ಬಿಡಿ, ಕಾನೂನಿನ ಮಾತಾಯಿತು. ನಿಜವಾದ ಮಜಾ ನಮ್ಮ ತಲೆಯೊಳಗಿದೆ. ಕಪ್ಪು ಫಾರ್ಚುನರ್ ಬಂತಾ? 'ದೇವನಹಳ್ಳಿ ಕಡೆ ಜಮೀನು ಮಾರಿರ್ಬೇಕು!' ಥಾರ್? 'ಅಪ್ಪನ ದುಡ್ಡು!' ವಾಟರ್ ಟ್ಯಾಂಕರ್? 'ದೂರ ಇರಪ್ಪಾ!' ಹಳೇ ಮಾರುತಿ 800? 'ರಿಟೈರ್ಡ್ ಮೇಷ್ಟ್ರು, ಇವತ್ತು ಮನೆ ಸೇರಿದ ಹಾಗೇ!' ಡ್ರೈವರ್ ಮುಖವನ್ನೇ ನೋಡಿಲ್ಲ, ತೀರ್ಪು ಕೊಟ್ಟಾಯಿತು!

ಈ ತೀರ್ಪು ತಲೆಯೊಳಗೇ ಉಳಿಯುತ್ತದೆ ಅಂದುಕೊಂಡಿರಾ? ಇಲ್ಲ ಸ್ವಾಮಿ. ಸೀದಾ ಹಾರ್ನ್ ಮೇಲಿನ ಕೈಗೆ ಇಳಿಯುತ್ತದೆ!

ಕೇಳಿ. ಅಮೆರಿಕದ ಕ್ಯಾಲಿಫೋರ್ನಿಯಾ. ಆಂಥೊನಿ ಡೂಬ್, ಅಲನ್ ಗ್ರಾಸ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಹೂಡಿದ ಆಟವಿದು. 1968ರಲ್ಲಿ ಪ್ರಕಟವಾಯಿತು. ಸಿಗ್ನಲ್ ಕೆಂಪು. ಎಲ್ಲರಿಗಿಂತ ಮುಂದೆ ಇವರ ಕಾರು. ಹಸಿರು ಬಿತ್ತು. ಕಾರು ಕದಲುವುದಿಲ್ಲ! ಬೇಕಂತಲೇ! ಯಾರಿಗೂ ಗೊತ್ತಾಗದಂತೆ ನೋಡುತ್ತಾ ಕೂತ ಸಂಗಡಿಗರ ಕೈಯಲ್ಲಿ ಸ್ಟಾಪ್‌ವಾಚ್!

ಒಮ್ಮೆ ನಿಂತದ್ದು ಫಳಫಳ ಹೊಳೆಯುವ ಕ್ರೈಸ್ಲರ್ ಇಂಪೀರಿಯಲ್. ಇನ್ನೊಮ್ಮೆ ತುಕ್ಕು ಹಿಡಿದ ಹಳೇ ಫೋರ್ಡ್. ಯಾವುದಕ್ಕೆ ಹೆಚ್ಚು ಹಾರ್ನ್ ಬಿತ್ತು? ಊಹಿಸಿ!

ಹಳೇ ಗಾಡಿಗಳಿಗೆ ಹಾರ್ನ್ ಹೊಡೆದವರು ನೂರಕ್ಕೆ 84! ಹೊಸ ಐಷಾರಾಮಿ ಕಾರಿಗೆ? ಬರೀ 50! ಉಳಿದರ್ಧ ಮಂದಿ ದೊಡ್ಡ ಕಾರಿನ ಬೆನ್ನು ನೋಡುತ್ತಾ ತೆಪ್ಪಗೆ ಕೂತಿದ್ದರು.

ಇನ್ನೂ ಇದೆ! ಇಬ್ಬರು ಪುಣ್ಯಾತ್ಮರು ಹಾರ್ನ್ ಹೊಡೆಯುವ ಗೋಜಿಗೇ ಹೋಗಲಿಲ್ಲ. ಹಳೇ ಗಾಡಿಯ ಹಿಂಬದಿ ಬಂಪರಿಗೆ ತಮ್ಮ ಕಾರಿನಿಂದಲೇ ಗುದ್ದಿಬಿಟ್ಟರು! ಪ್ರಯೋಗ ಮಾಡುತ್ತಿದ್ದವರು ಅಲ್ಲಿಂದ ಕಾಲ್ಕಿತ್ತರಂತೆ. ನಾನು ಇದನ್ನು ಓದಿ ಬಿದ್ದು ಬಿದ್ದು ನಕ್ಕೆ.

ಅಸಲಿ ಬೆರಗು ಈಗ ಬರುತ್ತದೆ. ಬೇರೆ ಕೆಲವರಿಗೆ ಕಾಗದದ ಮೇಲೆ ಇದೇ ಪ್ರಶ್ನೆ ಕೊಟ್ಟು, 'ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?' ಅಂತ ಕೇಳಿದರು. ಗಂಡಸರ ಉತ್ತರ? 'ದೊಡ್ಡ ಕಾರಿನವನಿಗೇ ಬೇಗ ಹಾರ್ನ್ ಹೊಡೀತೀವಿ!' ರಸ್ತೆಯಲ್ಲಿ ನಡೆದದ್ದಕ್ಕೆ ತದ್ವಿರುದ್ಧ! ಬಾಯಲ್ಲಿ ಹುಲಿ, ಸಿಗ್ನಲ್‌ನಲ್ಲಿ ಇಲಿ!

ಹಾಗಾದರೆ ದೊಡ್ಡ ಕಾರಿನವರ ಮೇಲಿನ ನಮ್ಮ ಸಿಟ್ಟು ಬರೀ ಹೊಟ್ಟೆಕಿಚ್ಚಾ? ಅದನ್ನೂ ನೋಡಿದ್ದಾರೆ. ಮತ್ತೆ ಕ್ಯಾಲಿಫೋರ್ನಿಯಾ, 2012. ಪಾಲ್ ಪಿಫ್ ಮತ್ತು ಸಂಗಡಿಗರು ಜೀಬ್ರಾ ಕ್ರಾಸಿಂಗಿನಲ್ಲಿ ಒಬ್ಬರನ್ನು ರಸ್ತೆಗಿಳಿಸಿದರು. ನಿಲ್ಲಿಸದೇ ನುಗ್ಗಿದ ಐಷಾರಾಮಿ ಕಾರುಗಳೆಷ್ಟು? ಹತ್ತಿರ ಹತ್ತಿರ ಅರ್ಧ! ಡಕೋಟಾ ಗಾಡಿಗಳಲ್ಲಿ ನುಗ್ಗಿದ್ದೆಷ್ಟು?

ಸೊನ್ನೆ! ಒಂದೂ ಇಲ್ಲ!

'ನಾನು ಹೇಳಿರ್ಲಿಲ್ವಾ!' ಅಂತ ಮೀಸೆ ತಿರುವಬೇಡಿ. ಫಿನ್ಲೆಂಡಿಗೆ ಬನ್ನಿ. 2020ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 1,892 ಕಾರು ಮಾಲೀಕರ ಸ್ವಭಾವವನ್ನು ಅಳೆದು ನೋಡಿದರು. ಆಡಿ, ಬಿಎಂಡಬ್ಲ್ಯು, ಮರ್ಸಿಡಿಸ್‌ಗಳತ್ತ ಹೆಚ್ಚು ವಾಲಿದವರು ಯಾರು? ಹಟಮಾರಿ, ಜಗಳಗಂಟ ಗಂಡಸರು. ಸರಿ, ನಿಮ್ಮ ಊಹೆಯೇ ಗೆದ್ದಿತು! ಆದರೆ ಅವರ ಜೊತೆಗೇ ಇನ್ನೊಂದು ಗುಂಪೂ ಸಿಕ್ಕಿತು. ಶಿಸ್ತಿನವರು, ಹಿಡಿದ ಕೆಲಸ ಅಚ್ಚುಕಟ್ಟಾಗಿ ಮಾಡುವವರು. ಗಂಡಸರೂ ಹೌದು, ಹೆಂಗಸರೂ ಹೌದು! ಟೋಲ್ ಗೇಟಿನಲ್ಲಿ ನಿಮ್ಮ ಮುಂದೆ ನಿಂತಿರುವ ಆಡಿಯಲ್ಲಿ ಈ ಎರಡರಲ್ಲಿ ಯಾವ ಜಾತಿಯವರಿದ್ದಾರೆ? ಗಾಜಿನ ಕಪ್ಪು ಹಾಳೆ ಕೀಳದೆ ಹೇಳಿ ನೋಡೋಣ!

ಕಾರಿಗೇ ಹಣೆಪಟ್ಟಿ ಅಂಟಿಬಿಟ್ಟರೆ ಏನಾಗುತ್ತದೆ? ಏರ್‌ಪೋರ್ಟ್ ರಸ್ತೆಗಿಂತ ಒಳ್ಳೆಯ ಸಾಕ್ಷಿ ಬೇಕೇ? ಎಟಿಯೋಸ್! ಇದೂ ಬಿಡದಿಯದೇ. 2010ರ ಡಿಸೆಂಬರಿನಲ್ಲಿ ಬಂದಾಗ ಮನೆಮಂದಿಯ ಕಾರು. ಗಟ್ಟಿ ಎಂಜಿನ್, ದೊಡ್ಡ ಡಿಕ್ಕಿ. ಕ್ಯಾಬಿನವರು ಬಾಚಿ ತಬ್ಬಿಕೊಂಡರು! ಅಲ್ಲಿಗೆ ಮುಗೀತು. ಬಿಳಿ ಬೋರ್ಡಿನ ಎಟಿಯೋಸ್ ಇಟ್ಟುಕೊಂಡವರನ್ನು ಕೇಳಿ ನೋಡಿ. ಮಾಲೀಕನೇ ಓಡಿಸುತ್ತಿದ್ದರೂ 'ಓಟಿಪಿ ಹೇಳ್ಲಾ ಸಾರ್?' ಅನ್ನುವ ಕಾಲ ಬಂತು. 2020ರಲ್ಲಿ ಕಂಪನಿ ಅದನ್ನು ನಿಲ್ಲಿಸಿಯೇಬಿಟ್ಟಿತು.

ಅದೇ ಹಣೆಪಟ್ಟಿ ಕಿರೀಟವಾದದ್ದೂ ಉಂಟು! ಎಲ್ಲಿ? ಆಟೋದಲ್ಲಿ! 'ಡಬಲ್ ಮೀಟರ್' ಅಂತ ಬೈಸಿಕೊಳ್ಳುವ ಅದೇ ಆಟೋ. 1980ರಲ್ಲಿ 'ಆಟೋರಾಜ' ಬಂತು, ಶಂಕರ್‌ನಾಗ್ ಖಾಕಿ ತೊಟ್ಟರು. ಒಂದೇ ಒಂದು ಸಿನಿಮಾ! ಅವರು ತೀರಿಕೊಂಡದ್ದು 1990ರಲ್ಲಿ. ಇವತ್ತಿಗೂ ಆಟೋ ಹಿಂಭಾಗದಲ್ಲಿ ಅವರ ಚಿತ್ರ, ಸ್ಟ್ಯಾಂಡಿಗೆ ಅವರ ಹೆಸರು, ನವೆಂಬರ್ ಬಂತೆಂದರೆ ಹಾರ ತುರಾಯಿ! ಜಗತ್ತಿನ ಬೇರೆ ಯಾವ ವಾಹನಕ್ಕಾದರೂ ಇಂಥ ಇಷ್ಟದೈವ ಸಿಕ್ಕಿದೆಯೇ? ನನಗಂತೂ ಅನುಮಾನ.

ಕೊನೆಯದಾಗಿ ಒಂದು. 2019ರ ಜನವರಿಯಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದವರು ಕೆಂಪೇಗೌಡ ವಿಮಾನ ನಿಲ್ದಾಣದಿಂದ ಗುಲಾಬಿ ಬಣ್ಣದ ಟ್ಯಾಕ್ಸಿಗಳನ್ನು ಬಿಟ್ಟರು. ಹೆಣ್ಣುಮಕ್ಕಳಿಗಾಗಿ, ಹೆಣ್ಣುಮಕ್ಕಳೇ ಓಡಿಸುವ ಗಾಡಿ! ಕಾರಿನ ಬಣ್ಣವೇ ಡ್ರೈವರ್ ಯಾರೆಂದು ಸಾರಿ ಹೇಳಿತು. ಈಗ ಇದನ್ನು ಕೇಳಿ: ಆ ಹಾರ್ನ್ ಪ್ರಯೋಗವನ್ನೇ 1971ರಲ್ಲಿ ಕೇ ಡೋ ಎಂಬ ಸಂಶೋಧಕಿ ಮತ್ತೆ ಮಾಡಿದ್ದರು. ಮುಂದಿನ ಕಾರಿನಲ್ಲಿ ಒಮ್ಮೆ ಗಂಡಸು, ಒಮ್ಮೆ ಹೆಂಗಸು. ಹೆಚ್ಚು ಹಾರ್ನ್ ಬಿದ್ದದ್ದು ಯಾರಿಗೆ? ಹೆಂಗಸಿಗೇ!

ಹಾಗಿದ್ದರೆ ಹೆಬ್ಬಾಳದ ಹತ್ತಿರ ಹಸಿರು ದೀಪ ಬಿದ್ದರೂ ಆ ಗುಲಾಬಿ ಕಾರು ಕದಲದೆ ನಿಂತರೆ, ಹಿಂದಿನವರು ಎಷ್ಟು ಸೆಕೆಂಡ್ ಸುಮ್ಮನಿದ್ದಾರು? ಬೆಟ್ ಕಟ್ಟೋರು ಯಾರು? ನಾನಂತೂ ಎರಡರ ಮೇಲೆ ಹೋಗಲ್ಲ!